ಬರುವ ತುಂಡು

ಮಾರ್ಚ್ ೩, ಭಾನುವಾರ

ಪ್ರೀತಿಯ ಅಕ್ಕನಿಗೆ,

ನಿನ್ನ ಅರ್ಧ ಟಿಕೆಟ್ಟಿನ ನಮಸ್ಕಾರ. ಈ ದೇಶಕ್ಕೆ ಬಂದು ಮೂರು ವಾರವಾದರೂ ಒಂದು ಸಾಲು ಬರೆಯಲಿಲ್ಲವೆಂದು ಸಿಟ್ಟಾಗಿರುತ್ತೀ. ತಪ್ಪು ನನ್ನದೇ. ಫೋನಿನಲ್ಲಿ ಹೇಳಬಹುದಿತ್ತಲ್ಲ ಎನ್ನಬೇಡ. ನಮ್ಮ ಮನೆಯ ಫೋನು ಇರುವುದು ಅಮ್ಮನ ಮಂಚದ ಪಕ್ಕದಲ್ಲಿ, ಅದೂ ಸ್ಪೀಕರ್ ಹಾಕಿಕೊಂಡು. ಊಟ ಆಯಿತೇ, ಚಳಿ ಇದೆಯೇ, ಸ್ವೆಟರ್ ಹಾಕಿಕೊಂಡೆಯಾ ಎಂಬ ಮೂರು ಪ್ರಶ್ನೆಗಳಾಚೆ ಅದು ಹೋಗುವುದಿಲ್ಲ. ಅದಕ್ಕೇ ಈ ಕಾಗದ ನಿನ್ನ ಔಷಧಿ ಅಂಗಡಿಯ ವಿಳಾಸಕ್ಕೆ. ಓದಿ ಅಲ್ಲೇ ಯಾವುದಾದರೂ ಡ್ರಾಯರಿನಲ್ಲಿ ಹಾಕು, ಮನೆಗೆ ಒಯ್ಯಬೇಡ.

ಕೆಲಸದ ವಿಷಯ ಮೊದಲು. ದಂತವೈದ್ಯರ ಕುರ್ಚಿಯ ಹೊಸ ಮಾದರಿಯನ್ನು ಬಿಚ್ಚಿ ಜೋಡಿಸುವುದನ್ನು ಕಲಿಸುತ್ತಿದ್ದಾರೆ. ಇಪ್ಪತ್ತಾರು ವರ್ಷ ಇಂಥ ಕುರ್ಚಿಗಳ ಅಡಿಯಲ್ಲಿ ಅಂಗಾತ ಮಲಗಿಯೇ ಸಂಬಳ ತೆಗೆದುಕೊಂಡವನಿಗೆ ಕಲಿಯುವುದು ಹೆಚ್ಚೇನಿಲ್ಲ. ಎಣ್ಣೆ ಪಂಪಿನ ಜಾಗಕ್ಕೆ ಮೋಟಾರು ಬಂದಿದೆ, ಕಾಲಿನ ಪೆಡಲಿಗೆ ತಂತಿ ಇಲ್ಲ. ಕಲಿಸುವ ಮೇಸ್ತ್ರಿ ಮಾತು ಕಡಿಮೆಯವನು. ಬಿಗಿ ಮಾಡಿದ ಸ್ಕ್ರೂವನ್ನೇ ನಾನು ಮತ್ತೆ ಮತ್ತೆ ಅಲ್ಲಾಡಿಸಿ ನೋಡುವುದನ್ನು ಕಂಡು, "ನಿಮಗೆ ಯಾರ ಮೇಲೂ ನಂಬಿಕೆ ಇಲ್ಲ, ಅಲ್ವಾ?" ಅಂದ. (ಇಲ್ಲಿಯವರ ಮಾತನ್ನು ನಮ್ಮ ಮಾತಿಗೆ ತಿರುಗಿಸಿ ಬರೆಯುತ್ತಿದ್ದೇನೆ.) ಇಲ್ಲ ಅಂದೆ. ಸುಳ್ಳು ಹೇಳುವಷ್ಟು ಪರಿಚಯ ಇನ್ನೂ ಆಗಿಲ್ಲ.

ನನ್ನ ಅಪನಂಬಿಕೆ ಸರಿಯಾಗಿ ಕುದುರಿದ್ದು ರೈಲಿನಲ್ಲಿ. ಕಾರ್ಖಾನೆ ಒಂದೂರಿನಲ್ಲಿ, ನನ್ನ ಬಾಡಿಗೆ ಕೋಣೆ ಇನ್ನೊಂದರಲ್ಲಿ. ನಡುವೆ ಮುಕ್ಕಾಲು ಗಂಟೆಯ ದಾರಿ. ನನ್ನ ಜೊತೆ ಕಲಿಯುವವನೊಬ್ಬನಿದ್ದಾನೆ, ತೊಲೆಯಂತೆ ಎತ್ತರ, ಉದ್ದಣ್ಣ ಎಂದು ಹೆಸರಿಟ್ಟಿದ್ದೇನೆ. ಮೊದಲ ವಾರ ಅವನ ಟಿಕೆಟ್ಟು ನನ್ನ ಕಾಲ ಬಳಿ ಬಿತ್ತು. ಎತ್ತಿಕೊಡುವಾಗ ದರ ನೋಡಿದೆ. ನನ್ನದರ ಅರ್ಧಕ್ಕಿಂತಲೂ ಕಡಿಮೆ. ಒಂದೇ ಗಾಡಿ, ಒಂದೇ ಬೋಗಿ, ಒಂದೇ ಸೀಟಿನ ಎರಡು ಪಕ್ಕ. ಕೌಂಟರಿನ ಹೆಂಗಸು ನನ್ನ ಮುಖ ನೋಡಿ ಟೋಪಿ ಹಾಕಿದ್ದಾಳೆ ಎಂದು ಆ ಕ್ಷಣವೇ ತೀರ್ಮಾನಿಸಿದೆ.

"ಇದನ್ನ ಎಲ್ಲಿ ಕೊಂಡ್ರಿ?" ಎಂದು ಕೇಳಿದೆ.

"ಮನೇಲಿ ಕೂತ್ಕೊಂಡು, ಒಂದು ತಿಂಗಳು ಮುಂಚೆ."

ಮುಂಚೆ ಕೊಂಡರೆ ಅಗ್ಗವಂತೆ. ಸರಿ, ನಾನೂ ಮುಂದಿನ ವಾರದ ಒಂದು ದಿನಕ್ಕೆ ಆಗಲೇ ಕೊಂಡೆ. ಆ ದಿನ ಕೆಲಸ ಬೇಗ ಮುಗಿಯಿತು, ಎದುರಿಗೆ ಗಾಡಿ ನಿಂತಿತ್ತು, ಹತ್ತಿದೆ. ಟೀಸಿ ಬಂದವನು ಟಿಕೆಟ್ಟನ್ನು ಎಷ್ಟು ಪ್ರೀತಿಯಿಂದ ನೋಡಿದನೆಂದರೆ ನನಗೆ ಅಲ್ಲೇ ಅನುಮಾನ ಬಂತು.

"ಇದು ಐದೂ ನಲವತ್ತರ ಗಾಡಿಗೆ ಕೊಟ್ಟಿದ್ದು. ನೀವು ಕೂತಿರೋದು ನಾಲ್ಕೂ ಹತ್ತರಲ್ಲಿ."

"ಹೋಗೋದು ಅದೇ ಊರಿಗೆ ತಾನೆ?"

"ಊರು ಅದೇ. ಗಾಡಿ ಅದಲ್ಲ."

ಪೂರ್ತಿ ದರ ಮತ್ತೆ ಕಟ್ಟಿಸಿಕೊಂಡು, ಒಳ್ಳೆಯ ಪ್ರಯಾಣವಾಗಲಿ ಎಂದು ಹಾರೈಸಿ ಹೋದ.

ಮನೆಯೊಡತಿ ಎದುರು ಗೊಣಗಿಕೊಂಡಾಗ ಅವಳು ಊಟದ ಮೇಜಿನ ಮೇಲೆ ಚಮಚಗಳನ್ನು ಸಾಲಾಗಿಟ್ಟು ಪಾಠ ಮಾಡಿದಳು. ಇದು ಮುಂಗಡ ಟಿಕೆಟ್ಟು, ಅಗ್ಗ, ಆದರೆ ಒಂದೇ ಗಾಡಿಗೆ ಗಂಟುಬಿದ್ದದ್ದು. ಇದು ಯಾವ ಗಾಡಿಗಾದರೂ ನಡೆಯುತ್ತದೆ, ಆದರೆ ಜೇಬು ಖಾಲಿ. ಇದು ಬೆಳಗಿನ ನೂಕುನುಗ್ಗಲು ಇಳಿದ ಮೇಲೆ ಹೊರಡುವವರಿಗೆ. ಇದು ಜೋಡಿಯಾಗಿ ಹೋಗುವವರಿಗೆ, ಒಬ್ಬರೇ ಸಿಕ್ಕಿಬಿದ್ದರೆ ರಿಯಾಯಿತಿ ರದ್ದು. ಇದು ವಯಸ್ಸಾದವರಿಗೆ. ಕೊನೆಗೆ ಚಹಾದ ಸಣ್ಣ ಚಮಚ ಇಟ್ಟು, "ಇದು ಮಕ್ಕಳಿಗೆ, ಅರ್ಧ" ಅಂದಳು.

"ಮಕ್ಕಳಿಗೆ ಅರ್ಧವಾ? ಯಾವಾಗಿಂದ?"

"ಯಾವಾಗಿಂದ ಅಂದ್ರೆ? ಯಾವಾಗ್ಲೂ."

ನಾನು ಮೇಜಿನಿಂದ ಎದ್ದೆ. ಚಮಚಗಳನ್ನು ತೊಳೆಯುವ ಪಾಳಿ ನನ್ನದಾಗಿತ್ತು.

ಇನ್ನೊಂದು ವಿಷಯವಿದೆ, ಕಾಗದ ಬರೆದದ್ದೇ ಅದಕ್ಕೆ. ಹೊರಡುವ ದಿನ ನೀನು ಟ್ಯಾಕ್ಸಿ ತರಲು ಹೋದಾಗ ಅಮ್ಮ ತನ್ನ ಹಳೆಯ ಕನ್ನಡಕದ ಡಬ್ಬಿಯನ್ನು ನನ್ನ ಕೈಗಿಟ್ಟಳು. ಒಳಗೆ ಅಪ್ಪನ ಟಿಕೆಟ್ಟು, ಹೋಗಿಬರುವ ಟಿಕೆಟ್ಟಿನಲ್ಲಿ ಉಳಿದ ವಾಪಸು ಭಾಗ, ನಮ್ಮ ಮನೆಯ 'ಬರುವ ತುಂಡು.' ನಲವತ್ತೊಂದು ವರ್ಷದಲ್ಲಿ ಅದು ಅವಳ ದಿಂಬಿನಡಿಯಿಂದ ಒಂದು ಮಾರು ಆಚೆ ಹೋದದ್ದು ನನಗೆ ನೆನಪಿಲ್ಲ.

"ಆ ಸಮುದ್ರದ ಊರಿಗೆ ಒಂದ್ಸಲ ಹೋಗು" ಅಂದಳು. "ಇದನ್ನ ಜೇಬಲ್ಲಿಟ್ಕೊಂಡು ಅಲ್ಲಿಂದ ವಾಪಸ್ ರೈಲು ಹತ್ತು. ನಿನ್ ಟಿಕೆಟ್ ನೀನು ಕೊಂಡ್ಕೊ. ಇದನ್ನ ಯಾರಿಗೂ ತೋರಿಸ್ಬೇಡ. ಕೌಂಟರಲ್ಲಂತೂ ತೋರಿಸ್ಲೇಬೇಡ."

"ಯಾಕಮ್ಮಾ?"

"ಕಿತ್ಕೊಂಡ್ಬಿಡ್ತಾರೆ. ಅಕ್ಕಂಗೂ ಹೇಳ್ಬೇಡ."

ಎರಡನೆಯದನ್ನು ಈಗ ಮುರಿದಿದ್ದೇನೆ. ನಿನ್ನ ಮಗಳ ಪರೀಕ್ಷೆ ಚೆನ್ನಾಗಿ ಆಗಲಿ. ಭಾವನಿಗೆ ನಮಸ್ಕಾರ.

ನಿನ್ನ ತಮ್ಮ

*

ಮಾರ್ಚ್ ೨೮

ಪ್ರೀತಿಯ ಅಕ್ಕ,

ನಿನ್ನ ಉತ್ತರ ಸಿಕ್ಕಿತು. ಮಾತ್ರೆ ಕಟ್ಟುವ ಕವರಿನ ಮೇಲೆ ಬರೆದಂತೆ ಮೂರೇ ಸಾಲು. "ಅಮ್ಮ ಹೇಳಿದಷ್ಟು ಮಾಡು. ಜಾಸ್ತಿ ಬುದ್ಧಿ ಓಡಿಸಬೇಡ. ಚಳಿಗೆ ಕಿವಿ ಮುಚ್ಚಿಕೋ." ಮೂರನೆಯದನ್ನು ಪಾಲಿಸುತ್ತಿದ್ದೇನೆ. ಎರಡನೆಯ ಸಾಲನ್ನು ನೀನು ಯಾಕೆ ಬರೆದೆ ಎಂದು ನಾಲ್ಕು ದಿನ ಯೋಚಿಸಿದೆ. ಟಿಕೆಟ್ಟು ನನ್ನ ಬಳಿ ಇದೆಯೆಂದು ಕೇಳಿ ನಿನಗೆ ಆಶ್ಚರ್ಯವೇ ಆಗಲಿಲ್ಲವಲ್ಲ.

ಈ ವಾರ ಸಮುದ್ರದ ಊರಿನ ದರ ನೋಡಲೆಂದು ನಿಲ್ದಾಣದ ಯಂತ್ರದ ಮುಂದೆ ನಿಂತೆ. ಇಲ್ಲಿಯ ದುಡ್ಡಿನಲ್ಲಿ ಹೋಗುವುದಕ್ಕೆ ಮಾತ್ರ ಮೂವತ್ತೊಂದೂ ನಲವತ್ತು. ಹೋಗಿಬರುವುದಕ್ಕೆ ಮೂವತ್ತೊಂದೂ ಐವತ್ತು. ಕನ್ನಡಕ ಒರೆಸಿಕೊಂಡು ಮತ್ತೆ ನೋಡಿದೆ. ವಾಪಸು ದಾರಿಗೆ ಹತ್ತು ಕಾಸು. ಇದರಲ್ಲಿ ಏನೋ ಮೋಸವಿದೆ ಎಂದು ರದ್ದು ಮಾಡಿ ಮನೆಗೆ ಬಂದೆ.

ಮನೆಯೊಡತಿ ನಕ್ಕಳು. "ಮೋಸ ಏನೂ ಇಲ್ಲ. ಕೆಲವು ಟಿಕೆಟ್ಟು ಹಾಗೇ. ಇಲ್ಲಿ ಹೋಗಿಬರೋದು ಹೆಚ್ಚುಕಮ್ಮಿ ಹೋಗೋದರ ದರಕ್ಕೇ ಸಿಗತ್ತೆ. ಹಿಂದೆ ಅದೇ ದಿನ ವಾಪಸ್ ಬರೋ ಟಿಕೆಟ್ಟು ಹೋಗೋದಕ್ಕಿಂತ ಅಗ್ಗ ಇತ್ತು."

"ಹಾಗಾದ್ರೆ ವಾಪಸ್ ಬರದೇ ಇರೋರೂ ರಿಟರ್ನೇ ಕೊಳ್ತಾರಾ?"

"ಬುದ್ಧಿ ಇದ್ದೋರೆಲ್ಲ ಕೊಳ್ತಾರೆ. ನನ್ನ ಗಂಡ ಮನೆ ಬಿಟ್ಟು ಹೋದಾಗ್ಲೂ ರಿಟರ್ನೇ ಕೊಂಡಿದ್ದ, ಜಿಪುಣ."

"ಬಂದ್ರಾ?"

"ಟಿಕೆಟ್ಟಿನ ಅವಧಿ ಮುಗೀತು" ಎಂದು ಒಲೆಯ ಕಡೆ ತಿರುಗಿದಳು.

ಅಕ್ಕ, ನಿನಗೆ ಆ ದಿನ ನೆನಪಿರಬೇಕು, ನಿನಗಾಗ ಹದಿನಾಲ್ಕು. ಅಪ್ಪ ಇಲ್ಲಿಗೆ ಬಂದು ಅಚ್ಚುಕೂಟದಲ್ಲಿ ಮೊಳೆ ಜೋಡಿಸುವ ಕೆಲಸಕ್ಕೆ ಸೇರಿ ಮೂರು ವರ್ಷವಾಗಿತ್ತು. ತಿಂಗಳಿಗೊಂದು ಕಾಗದ ಬರುತ್ತಿದ್ದದ್ದು ನಿಂತಿತು. ಆಮೇಲೆ ಸಮುದ್ರದ ಊರಿನ ಒಂದು ವಸತಿಗೃಹದಿಂದ ಪಾರ್ಸೆಲ್ ಬಂತು: ಅಪ್ಪನ ಕೋಟು, ಅದರ ಜೇಬಿನಲ್ಲಿ ಬಾಚಣಿಗೆ, ಈ ಬರುವ ತುಂಡು, ಜೊತೆಗೆ ಪರಭಾಷೆಯಲ್ಲಿ ಒಂದು ಕಾಗದ. ಹೆಡ್‌ಮಾಸ್ತರನ್ನು ಕರೆಸಿ ಅಮ್ಮ ಬಾಗಿಲು ಹಾಕಿಕೊಂಡು ಓದಿಸಿದಳು. ಮುಂದಿಟ್ಟಿದ್ದ ಕಾಫಿ ಕುಡಿಯದೆ ಅವರು ಎದ್ದುಹೋದರು. ಹೊರಗೆ ಬಂದ ಅಮ್ಮ ನಮಗೆ ಹೇಳಿದ್ದು ಇಷ್ಟು: ಒಂದು ರಾತ್ರಿ ಅಲ್ಲಿ ತಂಗಿದ್ದರು, ಬೆಳಿಗ್ಗೆ ಸಮುದ್ರದ ಕಡೆ ಹೋದವರು ಬರಲಿಲ್ಲ, ಪೊಲೀಸರು ಹುಡುಕಿದರು, ಸಿಗಲಿಲ್ಲ. ಆ ಕಾಗದವನ್ನು ನಾವು ಮತ್ತೆ ನೋಡಲಿಲ್ಲ.

ಒಂದು ವರ್ಷದ ನಂತರ ಚಿಕ್ಕಪ್ಪ ನೆಂಟರೆಲ್ಲ ಕೂತಿದ್ದಾಗ ಹೇಳಿಯೇಬಿಟ್ಟ. "ಅತ್ತಿಗೆ, ಎಷ್ಟು ದಿನ ಅಂತ ನೀರಿನ ಮೇಲೆ ಹಾಕ್ತೀರಿ? ಅಣ್ಣ ಮುಳುಗಿರೋದು ನೀರಲ್ಲಲ್ಲ. ಅಲ್ಲೆಲ್ಲೋ ಇನ್ನೊಂದು ಸಂಸಾರ ಹೂಡಿದಾನೆ."

ಅಮ್ಮ ಒಳಗೆ ಹೋಗಿ ಟಿಕೆಟ್ಟು ತಂದು ಅವನ ಮುಖದ ಮುಂದೆ ಹಿಡಿದಳು. "ಬರಬಾರ್ದು ಅಂತಿದ್ದೋರು ಬರೋ ಟಿಕೆಟ್ ಕೊಳ್ತಾರೇನಪ್ಪಾ? ಹೇಳು. ನೀನು ಕೊಳ್ತಿದ್ಯಾ?"

ಚಿಕ್ಕಪ್ಪ ಸಾಯುವವರೆಗೂ ನಮ್ಮ ಮನೆಯಲ್ಲಿ ಮತ್ತೆ ಆ ಮಾತೆತ್ತಲಿಲ್ಲ. ಯಾರೂ ಎತ್ತಲಿಲ್ಲ. ನಾವಿಬ್ಬರೂ ಮರ್ಯಾದಸ್ಥ ಸತ್ತ ಅಪ್ಪನ ಮಕ್ಕಳಾಗಿ ಬೆಳೆದದ್ದು, ನಿನ್ನ ಮದುವೆಗೆ ಹುಡುಗನ ಕಡೆಯವರು ಒಪ್ಪಿದ್ದು, ಎಲ್ಲವೂ ಎರಡು ಬೆರಳಗಲದ ಈ ರಟ್ಟಿನ ಮೇಲೆ ನಿಂತಿತ್ತು. ಈಗ ನೋಡಿದರೆ ಅದರ ಬೆಲೆ ಹತ್ತು ಕಾಸು. ಬಳಸಿದ ಲಕೋಟೆಯನ್ನು ಒಳಹೊರಗೆ ಮಾಡಿ ಅದರ ಮೇಲೆ ನಮಗೆ ಕಾಗದ ಬರೆಯುತ್ತಿದ್ದ ಅಪ್ಪ, ಅಗ್ಗದ ಟಿಕೆಟ್ಟು ಯಾವುದೆಂದು ಕೇಳದೆ ಕೊಂಡಿರಲಾರ.

ಅದನ್ನು ಕೋಣೆಯ ದೀಪದ ಕೆಳಗಿಟ್ಟು ನೋಡಿದೆ. ತಾರೀಕು ಸ್ಪಷ್ಟವಾಗಿದೆ. ಒಂದು ಮೂಲೆ ನೇರವಾಗಿ ಕತ್ತರಿಸಿಹೋಗಿದೆ. ನಾವು ಚಿಕ್ಕವರಿದ್ದಾಗ ಕೇಳಿದರೆ ಅಮ್ಮ, "ಟೀಸಿ ಕತ್ತರಿಸಿದ್ದು, ಹೋಗೋವಾಗ ನೋಡಿದಾನೆ ಅಂತ ಗುರುತು" ಎನ್ನುತ್ತಿದ್ದಳು. ನಮ್ಮಲ್ಲಿ ಟೀಸಿ ಟಿಕೆಟ್ಟಿಗೆ ಕತ್ತರಿ ಹಾಕುತ್ತಿದ್ದರಿಂದ ನಾವು ನಂಬಿದೆವು. ಆದರೆ ಈ ತುಂಡಿನ ನಡುವೆ ಸಣ್ಣ ದುಂಡನೆಯ ತೂತೂ ಒಂದಿದೆ. ಹಾಗಾದರೆ ಟೀಸಿಯ ಗುರುತು ಯಾವುದು? ನನ್ನ ಕಸುಬೇ ಇಂಥದ್ದು ಅಕ್ಕ, ಒಂದು ಬೋಲ್ಟಿಗೆ ಎರಡು ತೂತಿದ್ದರೆ ಒಂದು ಬೇರೆ ಯಾವುದಕ್ಕೋ ಇರುತ್ತದೆ.

ಜಾಸ್ತಿ ಬುದ್ಧಿ ಓಡಿಸುತ್ತಿದ್ದೇನೆ, ಗೊತ್ತು. ಬರುವ ತಿಂಗಳು ಹೋಗುತ್ತೇನೆ. ಅಮ್ಮನ ಮಂಡಿನೋವಿನ ಮುಲಾಮು ಬದಲಾಯಿಸಿದೆಯಾ?

ನಿನ್ನ ತಮ್ಮ

*

ಏಪ್ರಿಲ್ ೧೪, ಭಾನುವಾರ

ಪ್ರೀತಿಯ ಅಕ್ಕ,

ನಿನ್ನೆ ಹೋಗಿಬಂದೆ. ಬೆಳಗಿನ ನೂಕುನುಗ್ಗಲು ಇಳಿದ ಮೇಲಿನ ರಿಟರ್ನ್ ಟಿಕೆಟ್ಟಿನಲ್ಲಿ. ಈಗ ನನಗೆ ಎಲ್ಲ ಬಗೆಯೂ ಬಾಯಿಪಾಠ. ಉದ್ದಣ್ಣನೇ ನನ್ನನ್ನು ಕೇಳಿ ಟಿಕೆಟ್ಟು ಕೊಳ್ಳುತ್ತಾನೆ.

ಅಪ್ಪ ತಂಗಿದ್ದ ವಸತಿಗೃಹದ ಜಾಗದಲ್ಲಿ ಈಗ ದೀಪಗಳನ್ನು ಮಾರುವ ಅಂಗಡಿ ಇದೆ. ಹಗಲಲ್ಲೇ ಅಷ್ಟೂ ದೀಪಗಳು ಉರಿಯುತ್ತಿದ್ದವು. ಸಮುದ್ರದ ಎದುರು ಒಂದು ಬೆಂಚಿನ ಮೇಲೆ ಗಂಟೆಗಟ್ಟಲೆ ಕೂತೆ. ದುಃಖ ಬರುತ್ತದೇನೋ ಎಂದು ಕಾದೆ. ಬಂದದ್ದು ಹಸಿವು. ದಡದಲ್ಲಿ ನೀರು ಮೊಣಕಾಲಿಗೂ ಬರುವುದಿಲ್ಲ, ಬಹಳ ದೂರದವರೆಗೆ. ಮಕ್ಕಳು ಬಕೆಟ್ಟು ಹಿಡಿದು ಓಡಾಡುತ್ತಿದ್ದರು. ಗಂಡಸೊಬ್ಬ ಮುಳುಗಿ ಕಾಣೆಯಾಗಬೇಕಾದರೆ ಇಲ್ಲಿ ತುಂಬ ಹೊತ್ತು ನಡೆಯಬೇಕು. ಮಕ್ಕಳನ್ನು ಒಂದು ದಿನ ಕರೆತರಲು ಹೇಳಿಮಾಡಿಸಿದ ಜಾಗ. ಆ ಯೋಚನೆ ಬಂದಾಗ ಎದ್ದು ನಿಲ್ದಾಣಕ್ಕೆ ಬಂದೆ.

ಗಾಡಿಗೆ ನಲವತ್ತು ನಿಮಿಷವಿತ್ತು. ಟಿಕೆಟ್ ಕೊಡುವ ಕಿಂಡಿಯಲ್ಲಿ ಬೋಳುತಲೆಯ ಮುದುಕನೊಬ್ಬ ಕೂತಿದ್ದ. ಮುಂದಿನ ತಿಂಗಳಿಂದ ಈ ಕಿಂಡಿ ಮುಚ್ಚುತ್ತದೆ, ಯಂತ್ರ ಬಳಸಿ ಎಂದು ಗಾಜಿನ ಮೇಲೆ ಚೀಟಿ ಅಂಟಿಸಿತ್ತು. ಬಹುಶಃ ಆ ಚೀಟಿಯೇ ನನ್ನ ಕೈಯನ್ನು ಜೇಬಿಗೆ ಕಳಿಸಿತು. ಅಮ್ಮನಿಗೆ ಕೊಟ್ಟ ಮಾತು ಅಲ್ಲಿ ಮುರಿಯಿತು.

ಅವನು ತುಂಡನ್ನು ಬೆಳಕಿಗೆ ಹಿಡಿದ. ಮುಖ ಅರಳಿತು. "ಇಂಥದ್ದು ಕೈಗೆ ಬಂದು ಮೂವತ್ತು ವರ್ಷ ಆಯ್ತು. ನಾನು ಕೆಲಸಕ್ಕೆ ಸೇರಿದಾಗ ಇದನ್ನೇ ಕೊಡ್ತಿದ್ದದ್ದು. ಅದೇ ದಿನ ವಾಪಸ್ ಬರೋ ಅಗ್ಗದ ಟಿಕೆಟ್ಟು. ಬಳಸಲೇ ಇಲ್ವಲ್ಲ ಇದನ್ನ."

"ಇಲ್ಲ. ಮೂಲೆ ಯಾಕೆ ಹೀಗೆ ಕತ್ತರಿಸಿದೆ? ಟೀಸಿನಾ?"

"ಛೆ ಛೆ, ಹೋಗೋವಾಗ ಟೀಸಿ ಹಾಕಿರೋದು ಈ ತೂತು. ಮೂಲೆ ಕತ್ತರಿಸೋದು ಕೌಂಟರಲ್ಲಿ, ಕತ್ತರಿ ತಗೊಂಡು. ನಾನೇ ಸಾವಿರಾರು ಕತ್ತರಿಸಿದೀನಿ." ಎರಡು ಬೆರಳನ್ನು ಕತ್ತರಿಯಂತೆ ಆಡಿಸಿ ತೋರಿಸಿದ. "ಮಕ್ಕಳಿಗೆ ಅಂತ ಬೇರೆ ಟಿಕೆಟ್ ಅಚ್ಚು ಹಾಕಿಸ್ತಿರಲಿಲ್ಲ. ದೊಡ್ಡೋರ ಟಿಕೆಟ್ಟನ್ನೇ ಮೂಲೆ ಕತ್ತರಿಸಿ ಅರ್ಧ ದರಕ್ಕೆ ಕೊಡ್ತಿದ್ವಿ. ಇದು ದೊಡ್ಡೋರದ್ದಲ್ಲ. ಮಗುವಿನ ಟಿಕೆಟ್ಟು."

ಹಿಂದೆ ಯಾರೋ ಸೂಟ್‌ಕೇಸ್ ಎಳೆದುಕೊಂಡು ಹೋದರು. ನಾನು ವಕೀಲನ ಹಾಗೆ ವಾದಕ್ಕೆ ನಿಂತೆ. ಗುಮಾಸ್ತ ತಪ್ಪಿ ಕತ್ತರಿಸಿರಬಹುದಲ್ಲ ಎಂದೆ. ಕತ್ತರಿಸಿದರೆ ಅರ್ಧ ದುಡ್ಡು ಅವನ ಸಂಬಳದಿಂದ ಹೋಗುತ್ತಿತ್ತು ಎಂದ. ಯಾರದೋ ಬಿದ್ದದ್ದನ್ನು ಎತ್ತಿ ಜೇಬಿಗೆ ಹಾಕಿಕೊಂಡಿರಬಹುದಲ್ಲ ಎಂದೆ. ಅವನು ನನ್ನ ಮುಖ ನೋಡಿ, ಇರಬಹುದು ಎಂದ. ಆ ಮನುಷ್ಯನಿಗೆ ಸಭ್ಯತೆ ಇತ್ತು. ಸ್ವಲ್ಪ ತಡೆದು ತಾನೇ ಹೇಳಿದ, "ಸಾಮಾನ್ಯವಾಗಿ ಮಗುವಿನ ವಾಪಸ್ ತುಂಡನ್ನ ಅಪ್ಪನೋ ಅಮ್ಮನೋ ತಮ್ಮ ಜೇಬಲ್ಲಿಟ್ಕೊಳ್ತಿದ್ರು. ಮಕ್ಕಳು ಕಳ್ಕೊಂಡ್ಬಿಡ್ತಾವೆ."

ಆಮೇಲೆ ತುಂಡನ್ನು ನನ್ನ ಕಡೆ ಸರಿಸಿ, ನಗುತ್ತಾ ಕೇಳಿದ.

"ಆ ಮಗು ನೀವೇನಾ?"

"ಹೌದು" ಎಂದೆ.

"ಅದೇ ಅಂದ್ಕೊಂಡೆ. ಜೋಪಾನವಾಗಿಟ್ಕೊಳ್ಳಿ" ಎಂದ.

ಅಮ್ಮ ಹೇಳಿದಂತೆಯೇ ವಾಪಸು ಬಂದೆ, ಅದನ್ನು ಎದೆಯ ಜೇಬಿನಲ್ಲಿಟ್ಟುಕೊಂಡು. ಟೀಸಿ ಬಂದ, ನನ್ನ ಟಿಕೆಟ್ಟು ನೋಡಿದ, ಹೋದ. ಪಕ್ಕದ ಸೀಟು ದಾರಿಯುದ್ದಕ್ಕೂ ಖಾಲಿ ಇತ್ತು. ಅಪ್ಪನ ಜೊತೆ ಬಂದ ಮಗುವಿನ ವಯಸ್ಸೆಷ್ಟೋ, ಗಂಡೋ ಹೆಣ್ಣೋ, ಅದರ ತಾಯಿ ಬೇರೆ ಜೇಬಿನಲ್ಲಿ ಇನ್ನೆರಡು ತುಂಡು ಇಟ್ಟುಕೊಂಡು ಮುಂದೆ ಯಾವ ಊರಿಗೆ ಹೋದಳೋ, ಒಂದೂ ನನಗೆ ತಿಳಿಯದು. ಎಲ್ಲೋ ನಮಗೊಬ್ಬ ತಮ್ಮನೋ ತಂಗಿಯೋ ಇರಬಹುದು. ಅಥವಾ ಅದು ಅಪ್ಪನ ಮಗುವೇ ಅಲ್ಲದಿರಬಹುದು. ಅನುಮಾನಪಡಲು ಇನ್ನು ಮುಂದೆ ನನಗೆ ಬೇಕಾದಷ್ಟು ಜಾಗವಿದೆ.

ಆದರೆ ನನ್ನ ಅನುಮಾನ ಹೋಗಿ ನಿಲ್ಲುವುದು ಅಮ್ಮನ ಹತ್ತಿರ. ಹೆಡ್‌ಮಾಸ್ತರು ಕಾಫಿ ಕುಡಿಯದೆ ಎದ್ದುಹೋದದ್ದು ಯಾಕೆ? ವಸತಿಗೃಹದವರ ಕಾಗದದಲ್ಲಿ ಎಷ್ಟು ಜನ ತಂಗಿದ್ದರೆಂದು ಬರೆದಿತ್ತು? ಚಿಕ್ಕಪ್ಪನ ಮುಂದೆ ಹಿಡಿದಾಗಲೂ, ಬೇರೆಯವರಿಗೆ ತೋರಿಸುವಾಗಲೂ ಅಮ್ಮನ ಹೆಬ್ಬೆರಳು ಎಲ್ಲಿರುತ್ತಿತ್ತು, ನೆನಪಿಸಿಕೊ. ಆ ಮೂಲೆಯ ಮೇಲೆ. ಕೌಂಟರಲ್ಲಂತೂ ತೋರಿಸಲೇಬೇಡ ಎಂದಳು. ನಿನಗೆ ಹೇಳಬೇಡ ಎಂದಳು. ನೀನೋ, ಜಾಸ್ತಿ ಬುದ್ಧಿ ಓಡಿಸಬೇಡ ಎಂದೆ. ನಮ್ಮ ಮನೆಯಲ್ಲಿ ಇದು ಗೊತ್ತಿಲ್ಲದವನು ನಾನೊಬ್ಬನೇ ಇದ್ದೆನೇನೋ. ಹಾಗಿದ್ದರೆ ಹೇಳಬೇಡ ಅಕ್ಕ. ಈ ಒಂದು ಅನುಮಾನವನ್ನು ಅನುಮಾನವಾಗಿಯೇ ಇಟ್ಟುಕೊಳ್ಳುತ್ತೇನೆ.

ಮುಂದಿನ ತಿಂಗಳು ಬರುತ್ತೇನೆ. ಡಬ್ಬಿಯನ್ನು ಅಮ್ಮನ ಕೈಗೆ ಕೊಟ್ಟು, "ಯಾರಿಗೂ ತೋರಿಸ್ಲಿಲ್ಲಮ್ಮ, ವಾಪಸ್ ಕರ್ಕೊಂಡ್ ಬಂದೆ" ಎನ್ನುತ್ತೇನೆ. ಅವಳು ನನ್ನ ಮುಖ ನೋಡುತ್ತಾಳೆ, ನಾನು ಸೂಟ್‌ಕೇಸಿನ ಬೀಗ ನೋಡುತ್ತೇನೆ. ನೀನು ಊಟಕ್ಕೆ ಕರೆಯಬೇಕು, ತಡಮಾಡದೆ.

ನಿನ್ನ ಮಗಳಿಗೆ ನನ್ನ ಆಶೀರ್ವಾದ. ಅವಳು ದೂರದ ಊರಿಗೆ ಓದಲು ಹೋಗುವುದಾದರೆ ಟಿಕೆಟ್ಟು ನಾನೇ ಕೊಂಡುಕೊಡುತ್ತೇನೆ, ಯಾವ ಗಾಡಿಗಾದರೂ ನಡೆಯುವಂಥದ್ದು. ನೀವೆಲ್ಲರೂ ಚೆನ್ನಾಗಿರಿ.

ನಿನ್ನ ತಮ್ಮ

ಮರೆತಿದ್ದೆ: ನಾನು ಕುಳ್ಳಗಿದ್ದೇನೆಂದು ನೀನು ಅರ್ಧ ಟಿಕೆಟ್ಟು ಎಂದು ಹಂಗಿಸಿದಾಗಲೆಲ್ಲ ನಾನು ಅಳುತ್ತಿದ್ದೆನಲ್ಲ, ಅದು ಕುಳ್ಳಗಿದ್ದೇನೆಂದಲ್ಲ. ಆ ವರ್ಷ ನಾನು ನಿಮಗ್ಯಾರಿಗೂ ಹೇಳದೆ ಅಪ್ಪನಿಗೆ ಬರೆದಿದ್ದೆ, ರಜಕ್ಕೆ ಅಲ್ಲಿಗೆ ಬರುತ್ತೇನೆ, ಇಬ್ಬರೂ ರೈಲಿನಲ್ಲಿ ಸಮುದ್ರ ನೋಡಲು ಹೋಗೋಣ, ನನಗೆ ಅರ್ಧ ಟಿಕೆಟ್ಟು ಸಾಕು, ಖರ್ಚಾಗುವುದಿಲ್ಲ ಎಂದು. ನನ್ನ ಹೆಸರಿಗೇ ಒಂದು ಕಾರ್ಡು ಬಂತು. ಅಂಚೆಯವನಿಂದ ನಾನೇ ಈಸಿಕೊಂಡೆ. ಅದು ಈಗಲೂ ನನ್ನ ಪರ್ಸಿನಲ್ಲಿದೆ. "ಇಲ್ಲಿಯ ರೈಲಿನಲ್ಲಿ ಮಕ್ಕಳಿಗೆ ಅರ್ಧ ಟಿಕೆಟ್ ಎಂಬುದೇ ಇಲ್ಲ, ಮರಿ. ಎಲ್ಲರಿಗೂ ಪೂರ್ತಿ. ಬೇಗ ದೊಡ್ಡವನಾಗು, ಆಮೇಲೆ ನೋಡೋಣ." ಕಾರ್ಡಿನ ತಾರೀಕಿಗೂ ಟಿಕೆಟ್ಟಿನ ತಾರೀಕಿಗೂ ಹನ್ನೊಂದು ದಿನದ ಅಂತರ. ಅಡುಗೆಮನೆಯ ಬಾಗಿಲ ಪಕ್ಕದ ಗೋಡೆಯಲ್ಲಿ ಒಂದರ ಮೇಲೊಂದು ಪೆನ್ಸಿಲ್ ಗೆರೆಗಳಿದ್ದವು, ಸುಣ್ಣ ಹೊಡೆಸುವಾಗಲೆಲ್ಲ ಯಾರು ಎಳೆದದ್ದೆಂದು ನೀನು ಬೈಯುತ್ತಿದ್ದೆ. ಅವು ನನ್ನವು.